ಮಹಡಿಯಮ್ಮನ ಮೂರು ವಿಳಾಸ

ಗಾರೆ ಹೊರುವ ಆ ಹೆಂಗಸನ್ನು ಜೊತೆಯ ಕೆಲಸಗಾರರೆಲ್ಲ ಮಹಡಿಯಮ್ಮ ಎಂದೇ ಕರೆಯುತ್ತಿದ್ದರು. ಕೆಲಸ ಹುಡುಕಿಕೊಂಡು ಊರಿಂದೂರಿಗೆ ಅಲೆಯುವವರಿಗೆ ಬೇರೆ ಮನೆ ಎಲ್ಲಿಂದ ಬರಬೇಕು? ಕಟ್ಟುತ್ತಿರುವ ಕಟ್ಟಡದಲ್ಲೇ ಬಿಡಾರ. ಒಂದು ಮಹಡಿಯ ಗೋಡೆಗೆ ಗಿಲಾವು ಬಳಿಯಲು ಶುರುವಾಯಿತೆಂದರೆ ಚಾಪೆ, ಒಲೆ, ಕೊಡ ಎತ್ತಿಕೊಂಡು ಮೇಲಿನದಕ್ಕೆ. ಎಲ್ಲರಿಗಿಂತ ಮೊದಲು ಹತ್ತಿ, ಗಾಳಿ ಹೊಡೆಯದ ಮೂಲೆ ಹಿಡಿಯುತ್ತಿದ್ದವಳು ಇವಳೇ.

ಮಗಳಿಗೆ ಎಂಟು ತುಂಬಿದ್ದರೂ ಶಾಲೆಯ ಮುಖ ನೋಡಿರಲಿಲ್ಲ. ಎರಡು ಬೀದಿ ಆಚೆಯ ಶಾಲೆಯಲ್ಲಿ ವಲಸೆ ಬಂದವರ ಮಕ್ಕಳಿಗೂ ಓದು ಪುಕ್ಕಟೆ, ಆ ಬಡಾವಣೆಯಲ್ಲೇ ವಾಸವಿದ್ದರೆ ಸಾಕು ಎಂದು ಕಿವಿಗೆ ಬಿದ್ದದ್ದೇ ತಡ, ಮಹಡಿಯಮ್ಮ ಕೈಗಂಟಿದ ಸಿಮೆಂಟು ತೊಳೆದುಕೊಂಡು ಹೊರಟಳು. ತನಗೆ ಓದು ಬರಹ ಬಾರದು. ಅರ್ಜಿ ಬರೆಸಲು ಯಾರ್ಯಾರದೋ ಕೈಕಾಲು ಹಿಡಿದಳು.

ಎಡವಟ್ಟಾದದ್ದು ಅಲ್ಲೇ. ಮೊದಲ ಅರ್ಜಿಯಲ್ಲಿ ಎರಡನೇ ಮಹಡಿ ಎಂದು ಬರೆಸಿದಳು. ಫೋಟೋ ಇಲ್ಲವೆಂದು ಅರ್ಜಿ ಇಟ್ಟುಕೊಂಡು ಅವಳನ್ನು ವಾಪಸ್ ಕಳಿಸಿದರು. ಫೋಟೋ ತೆಗೆಸುವಷ್ಟರಲ್ಲಿ ಸಂಸಾರ ನಾಲ್ಕಕ್ಕೆ ಏರಿತ್ತು. ಹೊಸ ಅರ್ಜಿಯಲ್ಲಿ ನಾಲ್ಕು ಎಂದು ಬರೆಸಿದಳು. ಆಗ ಅಪ್ಪನ ಸಹಿ ಬೇಕೆಂದರು. ಅದನ್ನು ಹಾಕಿಸುವಷ್ಟರಲ್ಲಿ ಮತ್ತೆರಡು ಮಹಡಿ ಏರಿಯಾಗಿತ್ತು; ಮೂರನೇ ಅರ್ಜಿಯಲ್ಲಿ ಆರು. ಎರಡು ಎಂದೇ ಬರೆಸಿಬಿಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಊಹೂಂ, ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು ಪುಣ್ಯಾತ್ಗಿತ್ತಿಗೆ.

ಶಾಲೆಯ ಗುಮಾಸ್ತ ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡ.

"ಏನಮ್ಮಾ, ತಿಂಗಳಿಗೊಂದು ಮನೆ ಬದಲಾಯಿಸ್ತೀಯಾ? ನಮ್ಮ ಕಿವಿಗೆ ಹೂವ ಇಡೋಕೆ ಬಂದ್ಯಾ? ಸೇರಿಸೋಕೆ ಇವತ್ತೇ ಕಡೇ ದಿನ. ಇಂಥ ಅರ್ಜಿ ತಗೊಳ್ಳೋಕಾಗಲ್ಲ."

ಇವತ್ತು ತಪ್ಪಿದರೆ ಇನ್ನೊಂದು ವರ್ಷ ಮಗಳು ಮರಳಿನ ರಾಶಿಯ ಮೇಲೇ. ಮಹಡಿಯಮ್ಮ ಜಗ್ಗುವ ಆಸಾಮಿಯಲ್ಲ.

"ಮನೆ ಒಂದೇ ಸರ್. ಅದು ಬೆಳೀತಾ ಇದೆ, ನಾನೇನ್ಮಾಡ್ಲಿ? ಬಂದು ನೋಡಿ."

ಗುಮಾಸ್ತ ಕುರ್ಚಿ ಬಿಟ್ಟೇಳಲಿಲ್ಲ. ಒಳಗಿನಿಂದ ಕೇಳಿಸಿಕೊಂಡ ಮುಖ್ಯೋಪಾಧ್ಯಾಯಿನಿ ಅರ್ಜಿ ಕೈಗೆತ್ತಿಕೊಂಡು ತಾವೇ ಹೊರಟರು.

ಹಿಡಿದುಕೊಳ್ಳಲು ಕಂಬಿಯೂ ಇಲ್ಲದ ಮೆಟ್ಟಿಲು. ಗೋಡೆಯ ಬದಿಗೆ ಅವರನ್ನು ಬಿಟ್ಟು, ಅಂಚಿನ ಬದಿಗೆ ತಾನು ನಡೆದಳು ಮಹಡಿಯಮ್ಮ. ಎರಡನೇ ಮಹಡಿಗೆ ಗಿಲಾವು ಮುಗಿದಿತ್ತು. ನಾಲ್ಕರ ಮೂಲೆಯಲ್ಲಿ ಒಲೆಯ ಮಸಿ ಇನ್ನೂ ಉಳಿದಿತ್ತು. ಆರಕ್ಕೆ ಬರುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಗೆ ಏದುಸಿರು. ಅಲ್ಲಿ ಚಾಪೆಯ ಮೇಲೆ, ಬೆಳಗಿನಿಂದಲೇ ತಲೆ ಬಾಚಿಕೊಂಡು ಹುಡುಗಿ ಕಾದು ಕೂತಿದ್ದಳು.

"ಕಟ್ಟಡ ಮುಗಿದ್ಮೇಲೆ ಎಲ್ಲಿಗೆ ಹೋಗ್ತೀರಿ?"

ಇಲ್ಲೇ ಇರ್ತೀವಿ ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ.

"ಗೊತ್ತಿಲ್ಲ ಮೇಡಂ. ಮೇಸ್ತ್ರಿ ಕರ್ಕೊಂಡು ಹೋದ ಕಡೆ. ಹೆಚ್ಚಂದ್ರೆ ಇನ್ನೊಂದು ವರ್ಷ ಇಲ್ಲಿರ್ತೀವಿ. ಅಷ್ಟ್ರಲ್ಲಿ ಓದೋದು ಬರೆಯೋದು ಕಲಿಸಿಬಿಡಿ. ಮುಂದಿನ ಊರಲ್ಲಿ ಅರ್ಜಿ ಅವಳೇ ಬರ್ಕೋತಾಳೆ."

ಮುಖ್ಯೋಪಾಧ್ಯಾಯಿನಿ ಸಿಮೆಂಟು ಚೀಲದ ಮೇಲೆ ಕೂತರು. ಅರ್ಜಿಯನ್ನು ಮೊಣಕಾಲ ಮೇಲಿಟ್ಟು ಸಹಿ ಹಾಕಿ, "ನಾಳೆ ಒಂಬತ್ತಕ್ಕೆ ಕಳಿಸು" ಎಂದರು.