ಬಾಣಂತಿ ಕೋಣೆಯ ಕೈದಿ

ಮೊನ್ನೆ ಕುಂದಾಪುರದಲ್ಲಿ ಬಸ್ಸು ಹತ್ತಿದ ಕೂಡಲೇ ಮೊಬೈಲ್ ಸತ್ತುಹೋಗಿ, ಶಿರೂರು ಬರುವಷ್ಟರಲ್ಲಿ ನಾನು ಟಿಕೇಟಿನ ಹಿಂಬದಿಯನ್ನೂ ಎದುರು ಸೀಟಿನವರ ಚೀಲದ ಮೇಲಿದ್ದ ಜವಳಿ ಅಂಗಡಿಯ ವಿಳಾಸವನ್ನೂ ಭಕ್ತಿಯಿಂದ ಪಾರಾಯಣ ಮಾಡಿ ಮುಗಿಸಿದ್ದೆ. ಹತ್ತೊಂಬತ್ತನೆಯ ಶತಮಾನದ ರಾಜಕೀಯ ಕೈದಿಗಳಿಗೂ ಹೆಚ್ಚುಕಡಿಮೆ ಇದೇ ಗತಿಯಂತೆ. ಅವರ ಅಪರಾಧ ದೇಶಪ್ರೇಮ, ನನ್ನದು ಚಾರ್ಜರ್ ಮರೆತದ್ದು, ಅಷ್ಟೇ ವ್ಯತ್ಯಾಸ. ಸಿಕ್ಕ ಒಂದೇ ಧರ್ಮಗ್ರಂಥವನ್ನು ಮತ್ತೆ ಮತ್ತೆ ಓದಿ, ಅದರದ್ದೇ ಪರಭಾಷೆಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಹೊಸ ಭಾಷೆ ಕಲಿತು, ಗೋಡೆ ಕುಟ್ಟಿ ನೆರೆಯವನಿಗೆ ಸುದ್ದಿ ಮುಟ್ಟಿಸುತ್ತಿದ್ದ ಆ ಮಹನೀಯರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಗುಲ್ವಾಡಿಯ ಅಮ್ಮಮ್ಮನ ಮನೆಯ ಬಾಣಂತಿ ಕೋಣೆ.

ಬಾಣಂತಿ ಓದಿದರೆ ಮುಂದೆ ಕಣ್ಣು ಹೋಗುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಹೆರಿಗೆಗೆ ಬಂದ ಅಕ್ಕ (ಆಗ ಹುಟ್ಟಿದವನು ಈಗ ಶಾಲೆಗೆ ಹೋಗುತ್ತಾನೆ) ಅರ್ಧ ಓದಿದ ಕಾದಂಬರಿಯೊಂದನ್ನು ದಿಂಬಿನ ಕೆಳಗೆ ಅಡಗಿಸಿಟ್ಟಿದ್ದಳು. ಜೈಲರ್ ಅಮ್ಮಮ್ಮ ಮೊದಲ ತಪಾಸಣೆಯಲ್ಲೇ ಜಪ್ತಿ ಮಾಡಿದಳು.

“ಓದುಕಾಗ ಹೆಣ್ಣೆ, ಕಣ್ ಹಾಳಾತ್ತ್!”

“ಕೇಂಬುಕ್ ಅಡ್ಡಿಲ್ಯಲೆ?” ಎಂದೆ ನಾನು.

ಕಿವಿಯ ಬಗ್ಗೆ ಶಾಸ್ತ್ರ ಏನೂ ಹೇಳಿರಲಿಲ್ಲವಾಗಿ ಪುಸ್ತಕ ನನ್ನ ಕೈಗೆ ಬಂತು. ಹೊಸ್ತಿಲಲ್ಲಿ ಕೂತು ಶುರುಮಾಡಿದೆ. ನನಗೋ ಸುಮ್ಮನೆ ಓದಿ ಗೊತ್ತೇ? ನಾಯಕನಿಗೆ ನಮ್ಮೂರ ಕಂಡಕ್ಟರನ ಗಂಟಲು, ನಾಯಕಿಗೆ ನಮ್ಮ ಟೀಚರಮ್ಮನದು, ಅತ್ತೆಯ ಪಾತ್ರಕ್ಕೆ ಸಾಕ್ಷಾತ್ ಅಮ್ಮಮ್ಮನದೇ.

“ಸಾಕ್ ಮಾರಾಯ,” ಎಂದಳು ಅಕ್ಕ, ನಕ್ಕು ಸುಸ್ತಾಗಿ, ಕೊನೆಗೆ ಕಣ್ಣು ತುಂಬಿಕೊಂಡು. “ನೀ ಓದಿರೆ ಎಲ್ಲರೂ ನಿನ್ ಹಾಂಗೇ ಕಾಣ್ತ್ರ್. ನಂಗೆ ನಾನೇ ಓದ್ಕ್.”

ಎಣ್ಣೆ ಬಟ್ಟಲು ಹಿಡಿದು ನಿಂತಿದ್ದ ಅಮ್ಮಮ್ಮ ಅದನ್ನು ಕೇಳಿಸಿಕೊಂಡಂತಿರಲಿಲ್ಲ.

“ಹ್ವಾಯ್, ಆ ಹೆಣ್ಣಿಗ್ ಮದಿ ಆಯ್ತಾ ಇಲ್ಯಾ?” ಎಂದಳು, ನಾಯಕಿಯ ಮದುವೆಯದೇ ಚಿಂತೆಯಾಗಿ.

“ನಾಳೆ ಕಾಂಬ,” ಎಂದು ಪುಸ್ತಕ ಮುಚ್ಚಿದೆ.

ಅಮ್ಮಮ್ಮನ ಮುಖ ಸಣ್ಣದಾಯಿತು.

“ನಾಳೆ ಅನ್ಬೇಡ ಮಾಣಿ. ನಿನ್ನಮ್ಮನ್ ಹೆತ್ತಾಗ ನನ್ನಮ್ಮನೂ ಹೀಂಗೇ ಒಂದ್ ಪುಸ್ತ್ಕ ತೆಗ್ದಿಟ್ಟಿತ್. ಆಮೇಲ್ ಕೊಡ್ತೆ ಅಂದಿತ್. ಅದ್ರ ಕಡಿಗ್ ಎಂತಾಯ್ತ್ ಅಂತ ನಂಗಿನ್ನೂ ಗೊತ್ತಿಲ್ಲ.”

ಬಟ್ಟಲನ್ನು ಕೆಳಗಿಟ್ಟಳು. ಗಾಳಿ ಸೋಕಬಾರದೆಂದು ತಾನೇ ಮುಚ್ಚಿಸಿದ್ದ ಕಿಟಕಿಯ ಒಂದು ಬಾಗಿಲನ್ನು ಬೆಳಕಿಗಾಗಿ ಓರೆಮಾಡಿ, ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಕೈಯಿಂದ ಕಸಿದ ಪುಸ್ತಕವನ್ನು ಅಕ್ಕನ ಮಡಿಲಿಗಿಟ್ಟಳು. ಊರವರೆಲ್ಲರ ದನಿ ತೆಗೆಯುವ ನನಗೆ ಅವಳ ಆ ಹೊತ್ತಿನ ದನಿ ಮಾತ್ರ ಇವತ್ತಿಗೂ ಬಂದಿಲ್ಲ.

“ಓದ್ ಮಗಾ. ಜೋರಾಗ್ ಓದ್. ನಂಗೂ ಕೇಣ್ಕ್.”