ಹುಳುಗಳು ಸುಮ್ಮನಾದ ಮೇಲೆ

ಅಮ್ಮ ತಲೆಸುತ್ತಿ ಬಿದ್ದದ್ದು ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ. ಅವಳ ಎದೆ ಪಟಪಟ ಎನ್ನುವುದು ಹೊಸದಲ್ಲ. ದಿನವಿಡೀ ಮಷೀನಿಗೆ ಕೂತವರ ಮೈಯಲ್ಲಿ ಮೋಟಾರಿನ ನಡುಕ ಮನೆಗೂ ಬರುತ್ತದೆ ಎಂದು ಅಲ್ಲಿ ಎಲ್ಲರೂ ನಂಬಿದ್ದರು. ಕರೆಂಟು ಹೋದಾಗ ಪಕ್ಕದ ಹೆಂಗಸು ಛೇಡಿಸುತ್ತಿದ್ದಳಂತೆ:

"ಅಕ್ಕಾ, ನಮ್ಮವೆಲ್ಲ ನಿಂತ್ವು. ನಿನ್ ಮೋಟ್ರು ಇನ್ನಾ ತಿರಗಾಕತ್ತೈತೇನು?"

"ಹೂಂನವ್ವಾ, ನಂದು ಬ್ಯಾಟ್ರಿ ಮ್ಯಾಲ ಓಡ್ತೈತಿ."

ಇದನ್ನು ನಾನೇ ಕೇಳಿದೆನೋ, ಅಮ್ಮ ಹೇಳಿದ್ದನ್ನು ನನ್ನದಾಗಿಸಿಕೊಂಡೆನೋ, ಖಾತ್ರಿಯಿಲ್ಲ.

ಬಳ್ಳಾರಿಯ ಡಾಕ್ಟರು ಇಸಿಜಿ ಕಾಗದದ ಮೇಲೆ ಪೆನ್ನಿನ ತುದಿ ಇಟ್ಟರು. ಪ್ರತಿ ಬಡಿತಕ್ಕೂ ಮುಂಚೆ ಒಂದು ಸಣ್ಣ ದಿಬ್ಬವಿರಬೇಕು. ಹೃದಯದ ಮೇಲಿನ ಕೋಣೆಗಳ ಗುರುತು ಅದು. ಅಮ್ಮನ ಕಾಗದದಲ್ಲಿ ದಿಬ್ಬವಿರಲಿಲ್ಲ. ಗಾಳಿಗೆ ಅಲುಗುವ ನೀರಿನಂಥ ಗೆರೆಯಿತ್ತು. ಮೇಲಿನ ಕೋಣೆಗಳಲ್ಲಿ ವಿದ್ಯುತ್ತು ದಾರಿ ತಪ್ಪಿ ಸುತ್ತುತ್ತಿದೆ. ಅವು ಬಡಿಯುತ್ತಿಲ್ಲ, ನಡುಗುತ್ತಿವೆ. ಕೆಳಗಿನವು ಆ ಗದ್ದಲದಿಂದಲೇ ಹೇಗೋ ಬಡಿತಗಳನ್ನು ಹೆಕ್ಕಿಕೊಳ್ಳುತ್ತಿವೆ. ಇಷ್ಟು ವರ್ಷ ಅವಳು ಅದರ ಮೇಲೆಯೇ ಬದುಕಿದ್ದಳು.

"ಇಂಥದ್ದು ರಕ್ತದಾಗ ಬರ್ತದ್ರಿ. ಒಡಹುಟ್ಟಿದೋರಿದ್ರ ಲಗೂನ ತೋರಿಸ್ರಿ. ಬಿದ್ರ ಏಳ್ತಾರಂತ ಹೇಳಾಕಾಗಲ್ಲ."

ಅಮ್ಮನ ಅಕ್ಕ ಮಡಕಶಿರದಲ್ಲಿ ರೇಷ್ಮೆಹುಳು ಸಾಕುತ್ತಾಳೆ. ಹುಳುಗಳಿಗೆ ರೋಗ ತಗುಲೀತೆಂದು ಹೊರಗಿನವರು ಹುಳುಮನೆಗೆ ಕಾಲಿಡುವಂತಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವ ತನಕ ಅವಳೂ ಹೊರಡುವುದಿಲ್ಲ. ಅಲ್ಲಿಗೆ ಹೋಗಿ ಬಾಗಿಲಾಚೆ ನಿಂತೇ ಕೇಳಿದೆ.

"ನಿನ್ನ ಎದಿಯಾಗೂ ಪಟಪಟ ಅಂತೈತೇನು, ದೊಡ್ಡವ್ವ?"

"ಅನ್ದೇ ಏನು? ಇಷ್ಟು ಹುಳ ಹಗ್ಲೂ ರಾತ್ರಿ ಸೊಪ್ಪು ಮೇಯ್ತಿದ್ರೆ ಎದೆ ಸುಮ್ಕಿರ್ತದಾ? ನಿಮ್ಮವ್ವಂಗೆ ಮಿಷನ್ನು, ನಂಗೆ ಹುಳ. ಉಂಡು ಬಸ್ ಹತ್ತಪ್ಪ."

ನಾನು ಬಸ್ ಹತ್ತಲಿಲ್ಲ. ಕೆಲವು ದಿನಕ್ಕೆ ಹುಳು ಹಣ್ಣಾದವು. ಅಕ್ಕಪಕ್ಕದವರು ಬಂದು ಅವನ್ನು ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗಳ ಮೇಲೆ ಬಿಟ್ಟರು. ಮಳೆಯಂತೆ ಸುರಿಯುತ್ತಿದ್ದ ಮೇಯುವ ಸದ್ದು ನಿಂತಿತು. ನನ್ನ ನೆನಪಿನಲ್ಲಿ ಆಗ ಪೂರಾ ನಿಶ್ಶಬ್ದ. ನಾನದನ್ನು ನಂಬುವುದಿಲ್ಲ, ರಸ್ತೆಯಲ್ಲಿ ಪಾವಗಡದ ಬಸ್ಸಾದರೂ ಹಾರನ್ ಹೊಡೆದಿರಬೇಕು. ಆದರೆ ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಹೊಸಿಲಲ್ಲಿ ನಿಂತದ್ದು ನಿಜ.

"ಇನ್ನೂ ಮೇಯ್ತಾವೆ ಕಣೋ," ಎಂದಳು. "ಸೊಪ್ಪೇ ಇಲ್ವಲ್ಲ."

ಹಿಂದೂಪುರದ ಆಸ್ಪತ್ರೆಯಲ್ಲಿ ಅವಳ ಇಸಿಜಿ ಕಾಗದ ಹೊರಬಂತು. ದಿಬ್ಬವಿಲ್ಲವೆಂದು ಡಾಕ್ಟರು ಅವಳಿಗೂ ತೋರಿಸಿದರು. ಅದೇ ನೀರು, ಅದೇ ಗಾಳಿ. ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಸದ್ದಿನ ನಡುವೆ ಬಾಳಿದ ಅಕ್ಕತಂಗಿಯರ ಎದೆಯಲ್ಲಿ, ಅವರ ಹುಟ್ಟಿಗೂ ಹಿಂದಿನ ಯಾರದೋ ನಡುಕ ಅಕ್ಷರ ತಪ್ಪದೆ ನಡೆದುಬಂದಿತ್ತು. ಡಾಕ್ಟರು ಅವಳನ್ನು ಅಲ್ಲೇ ಉಳಿಸಿಕೊಂಡರು.

ಮಂಚದಿಂದ ಇಳಿದವಳೇ ನನ್ನ ತೋಳು ಹಿಡಿದಳು. "ಈಗ ನೀನು ಮಲಕ್ಕೋ."

ಎದೆಗೆ ತಣ್ಣನೆಯ ವೈರುಗಳು ಅಂಟಿದವು. ಕಾಗದ ಹೊರಳತೊಡಗಿತು. ದೊಡ್ಡಮ್ಮ ಬಗ್ಗಿ, ಹುಳು ಆಯುವ ಬೆರಳಿನಿಂದ ಗೆರೆಯ ಮೇಲೆ ದಿಬ್ಬ ಹುಡುಕಿದಳು.

"ಐತೆ," ಎಂದಳು. ಬೆರಳನ್ನು ಮುಂದೆ ಸರಿಸಿ, "ಇಲ್ಲೂ ಒಂದು ಐತೆ."