ಗಿಣ್ಣಿನ ತಟ್ಟೆ ಹಿಡಿದು ಕೆಂಚಮ್ಮ ಕೇಳಿದ್ದು

ಹಸುಳೆಗೆ ಹಸಿವಾಗುವ ಮುನ್ನವೇ ತಾಯಿಯ ಎದೆಯಲ್ಲಿ ಹಾಲನ್ನಿರಿಸುವ ಜಗಜ್ಜನನಿಗೆ ಕೃತಜ್ಞತೆಯ ನಮಸ್ಕಾರ.

ಅರವತ್ತರ ದಶಕದ ಒಂದು ಬೆಳಗು. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಮಗಳು ಹೆತ್ತು ಒಂದು ದಿನವಾಗಿತ್ತು. ಕೂಸು ಬಾಯಿಗೆ ಬಿಟ್ಟ ಸಕ್ಕರೆ ನೀರನ್ನು ಉಗುಳಿ ಒಂದೇ ಸಮನೆ ಅಳುತ್ತಿತ್ತು. ಮೊದಲ ಮೂರು ದಿನದ ಹಳದಿ ಹಾಲು ಮಗುವಿಗೆ ಒಗ್ಗದು, ಅದನ್ನು ಹಿಂಡಿ ಚೆಲ್ಲಬೇಕು ಎಂಬುದು ನಮ್ಮ ಮನೆತನದ ಪದ್ಧತಿ. ಓದಿಕೊಂಡವನೆನಿಸಿದ್ದ ನಾನೂ ಅದಕ್ಕೆ ತಲೆದೂಗಿದ್ದೆ.

ಆ ವಾರವೇ ಕೊಟ್ಟಿಗೆಯಲ್ಲಿ ನಮ್ಮ ಹಸು ಗೌರಿಯೂ ಕರು ಹಾಕಿದ್ದಳು. ಬಾಣಂತಿಯನ್ನು ನೋಡಲು ಬಂದ ಸೂಲಗಿತ್ತಿ ಕೆಂಚಮ್ಮನಿಗೆ ನನ್ನ ಮಡದಿ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣನ್ನು ತಟ್ಟೆಯಲ್ಲಿ ಕೊಟ್ಟು, "ತಿನ್ನು ಕೆಂಚಮ್ಮ, ಮೈಗೆ ಪುಷ್ಟಿ" ಎಂದಳು.

ಕೆಂಚಮ್ಮ ಒಂದು ತುಂಡನ್ನು ಬಾಯಿಗಿಟ್ಟು, ಅಳುವ ಕೂಸಿನತ್ತ ನೋಡಿ ನಕ್ಕಳು. "ಅಲ್ಲ ಕಣ್ರವ್ವಾ, ಅಸೀನ ಮೊದ್ಲನೆ ಹಾಲು ನಮ್ಗೆಲ್ಲ ಪುಷ್ಟಿ. ಎತ್ತವ್ವನ ಮೊದ್ಲನೆ ಹಾಲು ಈ ಕೂಸ್ಗೆ ಮಾತ್ರ ಯಾಕಾಗಕ್ಕಿಲ್ಲ? ಓಗಿ, ನಿಮ್ಮ ಕರುನೇ ಕೇಳ್ಬನ್ನಿ, ಯೋಳ್ತದೆ!"

ಮಡದಿ ನನ್ನ ಮುಖ ನೋಡಿದಳು. ಮರುಕ್ಷಣ ತಾನೇ ನಗುತ್ತ ಕೂಸನ್ನೆತ್ತಿ ಮಗಳ ಮಡಿಲಲ್ಲಿಟ್ಟಳು. ಅಳು ನಿಂತಿತು.

ಆ ಬಳಿಕ ನಮ್ಮ ಮನೆಯಲ್ಲಿ ಹುಟ್ಟಿದ ಯಾವ ಮಗುವೂ ತಾಯಿಯ ಹಾಲಿಗಾಗಿ ಮೂರು ದಿನ ಕಾಯಲಿಲ್ಲ. ಕೇಳಿದ ಕೆಂಚಮ್ಮನಿಗೂ, ಪದ್ಧತಿ ಬಿಟ್ಟ ಮಡದಿಗೂ, ಆ ತಾಯಿ ಮಗುವಿಗೂ, ಕೊಟ್ಟಿಗೆಯ ಗೌರಿಗೂ ಅವಳ ಕರುವಿಗೂ ಸದಾ ಮಂಗಳವಾಗಲಿ.